ಪೂಜೆಗೆ ಕೂತ ಜ್ಯಾಕು

ಆಯುಧಪೂಜೆಯ ಬೆಳಿಗ್ಗೆ ಆರು ಗಂಟೆಗೆ ಭೀಮೇಶ ತನ್ನ ಜೀಪಿನ ಹಿಂಬಾಗಿಲು ತೆರೆದಾಗ ಕಬ್ಬಿಣದ ಪೆಟ್ಟಿಗೆ ಇದ್ದಲ್ಲೇ ಇತ್ತು, ಆದರೆ ಅದರೊಳಗೆ ಏನೂ ಇರಲಿಲ್ಲ.

ಅದರಲ್ಲಿ ಇರಬೇಕಾದದ್ದು ಇಪ್ಪತ್ತೆರಡು ಸಾಮಾನು. ಎಳೆಯುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ, ಜ್ಯಾಕು, ಸ್ಪ್ಯಾನರು, ಗಾಳಿ ಹೊಡೆಯುವ ಪಂಪು, ಗುದ್ದಲಿ, ಟಾರ್ಚು, ಫಸ್ಟ್ ಏಯ್ಡ್ ಡಬ್ಬಿ, ಹೀಗೆ ಕಾಡಲ್ಲಿ ಗಾಡಿ ಸಿಕ್ಕಿಬಿದ್ದರೆ ಏನೇನು ಬೇಕೋ ಎಲ್ಲ. ಭೀಮೇಶ ಜೆ.ಪಿ. ನಗರದ ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದುದರಿಂದ ಪ್ರತಿಯೊಂದಕ್ಕೂ ಪುಸ್ತಕದ ಬೆನ್ನಿಗೆ ಅಂಟಿಸುವಂಥ ಚೀಟಿ ಅಂಟಿಸಿ ನಂಬರು ಬರೆದಿದ್ದ. ಎರಡು ವರ್ಷದಲ್ಲಿ ಅವುಗಳಲ್ಲಿ ಒಂದೂ ಕೆಲಸಕ್ಕೆ ಬಂದಿರಲಿಲ್ಲ. ಯಾರೂ ತೆಗೆದುಕೊಂಡು ಹೋಗದ ಪುಸ್ತಕ ಕಂಡರೆ ಅವನಿಗೆ ಮೊದಲಿನಿಂದಲೂ ಸಂಕಟ. ಕಾಲೇಜಿನಲ್ಲಿ ಅಂಥ ಪುಸ್ತಕಗಳ ಧೂಳನ್ನು ತಾನೇ ಒರೆಸುತ್ತಿದ್ದ. ಮನೆಯಲ್ಲಿ ಭಾನುವಾರ ಜ್ಯಾಕನ್ನು ಒರೆಸುತ್ತಿದ್ದ.

ಜೀಪು ಕೊಂಡ ದಿನವೇ ಹೆಂಡತಿ ಸುಧಾಮಣಿ ಒಂದು ಷರತ್ತು ಹಾಕಿದ್ದಳು. ಅವಳು ಪ್ರೈಮರಿ ಶಾಲೆಯ ಟೀಚರು, ಷರತ್ತು ಹಾಕಿದರೆ ಮರೆಯುವವಳಲ್ಲ. "ಎರಡು ವರ್ಷ ಟೈಮ್ ಕೊಡ್ತೀನಿ. ಅಷ್ಟ್ರಲ್ಲಿ ನಮ್ಮ ಸ್ಕೂಟರ್ ಮಾಡೋಕಾಗ್ದೇ ಇರೋ ಒಂದೇ ಒಂದು ಕೆಲಸ ಈ ಗಾಡಿ ಮಾಡ್ಲಿ. ಇಲ್ಲಾಂದ್ರೆ ಮಾರಿಬಿಡೋಣ."

ಗಡುವು ಇವತ್ತಿಗೆ ಮುಗಿಯುತ್ತಿತ್ತು. ಈ ಎರಡು ವರ್ಷ ಜೀಪು ಬನಶಂಕರಿ ದೇವಸ್ಥಾನಕ್ಕೆ, ಸೊಪ್ಪಿನ ಅಂಗಡಿಗೆ, ಒಮ್ಮೆ ವಸಂತಪುರದ ಮದುವೆಗೆ ಹೋಗಿಬಂದಿತ್ತು. ಎಲ್ಲವೂ ಸ್ಕೂಟರು ಮಾಡಬಹುದಾದ ಕೆಲಸಗಳೇ. ಸಂಜೆ ನಾಲ್ಕಕ್ಕೆ ಗಾಡಿ ನೋಡಲು ಒಬ್ಬರು ಬರುವವರಿದ್ದರು. ಸುಧಾಮಣಿಯ ಶಾಲೆಯ ಶ್ವೇತಾ ಮೇಡಂ ಅವರ ಭಾವನಂತೆ. ಯಾರೂ ಅವರ ಮುಖ ನೋಡಿರಲಿಲ್ಲ.

ಅದಕ್ಕೇ ಭೀಮೇಶ ಕೊನೆಯ ದಿನ ಗಟ್ಟಿ ಮನಸ್ಸು ಮಾಡಿದ್ದ. ಕನಕಪುರ ರಸ್ತೆಯಾಚೆಯ ಮಣ್ಣುಹಾದಿಗೆ ಜೀಪುಗಳ ಒಂದು ಗುಂಪು ಹೊರಟಿತ್ತು. ಏಳಕ್ಕೆ ಸೇರಬೇಕು, ಮಧ್ಯಾಹ್ನದೊಳಗೆ ಕೆಸರು ಮೆತ್ತಿಕೊಂಡು ಮನೆಗೆ ಬರಬೇಕು, ಆ ಕೆಸರನ್ನು ಸುಧಾಮಣಿಗೆ ತೋರಿಸಬೇಕು.

ಅವನು ಒಳಗೆ ಓಡಿದ. ಇಪ್ಪತ್ತೆರಡು ಸಾಮಾನೂ ಹಾಲಿನಲ್ಲಿ ಚಾಮುಂಡಮ್ಮನ ಪಟದ ಮುಂದೆ ಸಾಲಾಗಿ ಕೂತಿದ್ದವು. ಜ್ಯಾಕಿಗೆ ಮೂರು ಎಳೆ ವಿಭೂತಿ, ಗುದ್ದಲಿಗೂ ಟಾರ್ಚಿನ ಗಾಜಿಗೂ ಕುಂಕುಮ, ಹಗ್ಗದ ಮೇಲೆ ಸೇವಂತಿಗೆ. ತಾಯಿ ಅಂಕಮ್ಮ ಐದು ಗಂಟೆಗೇ ಎದ್ದು ಮಡಿಯುಟ್ಟು ಎಲ್ಲವನ್ನೂ ಒಂದೊಂದಾಗಿ ಹೊತ್ತು ತಂದಿದ್ದಳು.

"ಅಮ್ಮ, ಇದೆಲ್ಲ ನಂಗೆ ಈಗ ಬೇಕಿತ್ತು," ಎಂದ ಭೀಮೇಶ.

"ಪೂಜೆಗಿಟ್ಟಿದೀನಲ್ಲಪ್ಪ. ನಾಳೆ ಮಂಗಳಾರತಿ ಆಗೋವರ್ಗೂ ಎತ್ತೋ ಹಾಗಿಲ್ಲ. ವರ್ಷವೆಲ್ಲ ದುಡಿದಿವೆ, ಒಂದು ದಿನ ರೆಸ್ಟ್ ತಗೊಳ್ಲಿ ಬಿಡು."

ವರ್ಷವೆಲ್ಲ ರೆಸ್ಟನ್ನೇ ತೆಗೆದುಕೊಂಡಿವೆ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು.

ಎದುರು ಮನೆಯ ಉಗ್ರಪ್ಪ ನಿವೃತ್ತ ಮೆಕ್ಯಾನಿಕ್. ಅವರ ಬಳಿ ಹೋಗಿ ಹಗ್ಗ, ಜ್ಯಾಕು ಕೇಳಿದರೆ, "ನಿಮ್ಮಮ್ಮನಿಗೆ ಹೇಳ್ಲಾ?" ಎಂದರು. ಅವರ ಸಾಮಾನೂ ಅವರ ದೇವರ ಮುಂದೆ ಕೂತಿದ್ದವು. ಮಹಡಿ ಮೇಲೆ ಬಾಡಿಗೆಗಿದ್ದ ಎ.ಸಿ. ರಿಪೇರಿಯ ನಿಂಗರಾಜ ಬಾಗಲಕೋಟೆ ಕಡೆಯವನು, ಅಲ್ಲಿ ಪದ್ಧತಿ ಬೇರೆ ಇರಬಹುದೆಂಬ ಆಸೆಯಿಂದ ಭೀಮೇಶ ಮೆಟ್ಟಿಲು ಹತ್ತಿದ.

"ಇವತ್ತ ಖಂಡೆ ಪೂಜಿ ಐತ್ರಿ ಸರ್ರ," ಎಂದ ನಿಂಗರಾಜ. "ನಮ್ಮ ಪಾನಾ, ಇಕ್ಕಳ ಎಲ್ಲಾ ಕುಂತ ಬಿಟ್ಟಾವ್ರಿ. ನಾಳೆ ಮುಂಜಾನೆ ತನಕ ಎಬ್ಸಂಗಿಲ್ರಿ."

ಪಂಕ್ಚರ್ ಅಂಗಡಿಗೆ ಬಾಳೆಕಂದು ಕಟ್ಟಿ ಬೀಗ ಹಾಕಿದ್ದರು. ಹಾರ್ಡ್‌ವೇರ್ ಅಂಗಡಿಯವನು ತಕ್ಕಡಿಗೇ ಹಾರ ಹಾಕಿ ಕೂತಿದ್ದ. ಅವರಿದ್ದ ಜರಗನಹಳ್ಳಿಯಲ್ಲಿ ಅವತ್ತು ಕೆಲಸಕ್ಕೆ ಸಿಗುವ ಒಂದು ಸ್ಕ್ರೂಡ್ರೈವರೂ ಇರಲಿಲ್ಲ. ಕೊನೆಗೆ ಭೀಮೇಶ ಗುಂಪಿನ ಮುಖಂಡಳಾದ ಅಂಜನಾಗೆ ಫೋನ್ ಮಾಡಿ, ಬರಿಗೈಯಲ್ಲಿ ಬರಬಹುದೇ ಎಂದು ಕೇಳಿದ.

"ಸಾರಿ ಸಾರ್. ಹಗ್ಗ, ಜ್ಯಾಕು ಇಲ್ದೆ ನಾನು ಯಾರ್ನೂ ಕರ್ಕೊಂಡ್ ಹೋಗಲ್ಲ. ಮುಂದಿನ ಸಲ ಬನ್ನಿ."

ಮುಂದಿನ ಸಲ ಎಂಬುದು ಇಲ್ಲವೆಂದು ಅವಳಿಗೆ ಹೇಗೆ ಗೊತ್ತಾಗಬೇಕು. ಭೀಮೇಶ ಜೀಪಿನ ಬಾನೆಟ್ಟಿಗೆ ಒರಗಿ ಸ್ವಲ್ಪ ಹೊತ್ತು ನಿಂತ. ಅವನಿಗೆ ಕಾಡು, ಬೆಟ್ಟ ಬೇಕಿತ್ತೆಂದೇನಲ್ಲ. ಯಾರಾದರೂ ಒಬ್ಬರು ಕಷ್ಟದಲ್ಲಿದ್ದಾಗ ತಾನು ಪೆಟ್ಟಿಗೆ ತೆರೆದು ಬೇಕಾದ್ದನ್ನು ತೆಗೆದುಕೊಡಬೇಕು, ಅಷ್ಟೇ ಅವನ ಆಸೆ. ಐವತ್ತಕ್ಕೆ ಎರಡು ವರ್ಷವಿರುವ ಮನುಷ್ಯನಿಗೆ ಇದು ಅತಿಯಾಸೆಯೇನಲ್ಲ.

ಹನ್ನೊಂದಕ್ಕೆ ಜೀಪಿನ ಪೂಜೆ ಮುಗಿಯಿತು. ಚಕ್ರದಡಿಯ ನಿಂಬೆಹಣ್ಣುಗಳು ಚಪ್ಪಟೆಯಾದವು. ಭೀಮೇಶ ಒಳಗಿನ ಸಿಟ್ಟನ್ನೆಲ್ಲ ಸೇರಿಸಿ ಬೂದುಗುಂಬಳಕಾಯಿಯನ್ನು ಬೀದಿಯ ನಟ್ಟನಡುವೆ ಒಡೆದ. ಅದು ಹಬ್ಬಕ್ಕೆ ಬೇಕಾದ್ದಕ್ಕಿಂತ ಹೆಚ್ಚು ದೂರ ಹರಡಿತು. ತುಂಡುಗಳನ್ನು ಬದಿಗೆ ಸರಿಸಬೇಕೆಂದು ಉಗ್ರಪ್ಪ ಹೇಳಿದರು, ಊಟವಾದ ಮೇಲೆ ಸರಿಸುತ್ತೇನೆಂದು ಭೀಮೇಶ ಹೇಳಿದ. ಹೋಳಿಗೆ ತಿಂದ ಮೇಲೆ ಮರೆತ.

ಎರಡೂವರೆಗೆ ಬೀದಿಯಲ್ಲಿ ಲಟಾರನೆ ಸದ್ದಾಯಿತು. ಒಂದು ಪುಟ್ಟ ಕಾರು ಕುಂಬಳಕಾಯಿಯ ತುಂಡುಗಳನ್ನು ತಪ್ಪಿಸಲು ಹಿಂದಕ್ಕೆ ಬಂದು ಮೋರಿಯ ಕಲ್ಲುಚಪ್ಪಡಿ ಹತ್ತಿತ್ತು. ಚಪ್ಪಡಿ ಮುರಿದು ಹಿಂದಿನ ಚಕ್ರ ಮೋರಿಯೊಳಗೆ ಇಳಿದಿತ್ತು. ರೇಷ್ಮೆ ಅಂಗಿ ತೊಟ್ಟ ಬಡಕಲು ಮನುಷ್ಯನೊಬ್ಬ ಕಾರಿನಿಂದಿಳಿದು ಹಣೆ ಒರೆಸಿಕೊಳ್ಳುತ್ತಿದ್ದ. ಕಾರಿನೊಳಗಿದ್ದ ಅವನ ಹೆಂಡತಿಯ ಕೈ ಹಿಡಿದು ಸುಧಾಮಣಿ ಮೆಲ್ಲಗೆ ಇಳಿಸುತ್ತಿದ್ದಳು.

ಬೀದಿಯ ಜನ ಒಟ್ಟಾಗಿ ಭೀಮೇಶನ ಕಡೆ ತಿರುಗಿದರು. ಎರಡು ವರ್ಷ ಅವನ ಪೆಟ್ಟಿಗೆಯನ್ನು ನೋಡಿ ನಕ್ಕವರೇ ಎಲ್ಲ.

"ಭೀಮೇಶಣ್ಣ, ಜೀಪ್ ತೆಗೀರಿ. ನಿಮ್ಮ ಹತ್ರ ಹಗ್ಗ ಇದೆಯಲ್ಲ," ಎಂದರು ಯಾರೋ.

ಭೀಮೇಶ ಒಳಗೆ ಓಡಿ ತಾಯಿಗೆ ವಿಷಯ ಹೇಳಿದ. ಅಂಕಮ್ಮ ಕಿಟಕಿಯಿಂದ ಕಾರನ್ನು ನೋಡಿದಳು, ಪಟವನ್ನು ನೋಡಿದಳು. ಅವಳಿಗೂ ಸಹಾಯ ಮಾಡಬೇಕೆಂದಿತ್ತು. ಆದರೆ ಪದ್ಧತಿ ಮುರಿಯಲು ಅವಳು ಯಾರು.

"ಅಮ್ಮನ್ನೇ ಕೇಳ್ತೀನಿ. ಬಲಗಡೆ ಹೂ ಕೊಟ್ರೆ ಎತ್ಕೊಂಡ್ ಹೋಗು," ಎಂದು ಪಟದ ಮುಂದೆ ಕೂತು ಕಣ್ಣು ಮುಚ್ಚಿದಳು.

ಪಟದ ಮೇಲೆ ಸಾಲಾಗಿ ಸೇವಂತಿಗೆ ಇಟ್ಟಿತ್ತು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಹೊರಗೆ ಉಗ್ರಪ್ಪ, "ಎಷ್ಟು ಹೊತ್ತಪ್ಪ," ಎಂದು ಕೂಗಿದರು. ಚಾಮುಂಡಮ್ಮನಿಗೆ ಆತುರವಿದ್ದಂತೆ ಕಾಣಲಿಲ್ಲ. ಭೀಮೇಶನ ಬೆನ್ನ ಹಿಂದೆ ಸ್ವಿಚ್ ಬೋರ್ಡ್ ಇತ್ತು. ಅವನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಹಾಲಿನ ಆ ಹಳೆಯ ಫ್ಯಾನು ಒಂದನೇ ನಂಬರಿನಲ್ಲಿ ಸದ್ದು ಮಾಡುವುದಿಲ್ಲ. ದೀಪ ಅಲ್ಲಾಡಿತು, ಬಲ ತುದಿಯ ಸೇವಂತಿಗೆ ಎರಡು ಸಲ ತಲೆದೂಗಿ ಅಂಕಮ್ಮನ ಮಡಿಲಿಗೆ ಬಿತ್ತು.

ಅಂಕಮ್ಮ ಕಣ್ಣು ತೆರೆದಳು. ಕಣ್ಣು ತುಂಬಿತ್ತು. "ಎತ್ಕೊಂಡ್ ಹೋಗು ಮಗ," ಎಂದಳು.

ಮುಂದಿನ ಅರ್ಧ ಗಂಟೆ ಭೀಮೇಶನ ಬದುಕಿನ ಅತ್ಯಂತ ಒಳ್ಳೆಯ ಅರ್ಧ ಗಂಟೆ. ಜ್ಯಾಕು ಕಾರನ್ನು ಎತ್ತಿತು. ಗುದ್ದಲಿ ಚಪ್ಪಡಿಯ ಚೂರನ್ನು ಸರಿಸಿತು. ನಿಂಗರಾಜ ಚಕ್ರದಡಿಗೆ ಹಲಗೆ ಕೊಟ್ಟ, ಉಗ್ರಪ್ಪ ಕೈ ಬೀಸಿ ಬೀಸಿ ದಾರಿ ಹೇಳಿದರು. ಭೀಮೇಶನ ಕೈಯೆಲ್ಲ ಕೆಂಪಾದುದನ್ನು ಕಂಡು ಸುಧಾಮಣಿ ಗಾಬರಿಯಾಗಿ ಫಸ್ಟ್ ಏಯ್ಡ್ ಡಬ್ಬಿ ತರಿಸಿದರೆ ಅದರ ತುಂಬ ಕಡ್ಲೆಪುರಿ ಇತ್ತು, ನೈವೇದ್ಯಕ್ಕೆ ಬೇರೆ ಡಬ್ಬಿ ಸಿಗದೆ ಅಂಕಮ್ಮ ಅದರಲ್ಲೇ ತುಂಬಿದ್ದಳು. ಪುಣ್ಯಕ್ಕೆ ಕೈಯಲ್ಲಿದ್ದುದು ಬರೀ ಕುಂಕುಮ. ಹಗ್ಗ ಬಿಗಿಯಿತು. ನಾಲ್ಕೂ ಚಕ್ರಕ್ಕೆ ಬಲ ಕೊಡುವ, ಎರಡು ವರ್ಷ ಒರೆಸಿ ಮಾತ್ರ ಇಟ್ಟಿದ್ದ ಚಿಕ್ಕ ಗೇರನ್ನು ಭೀಮೇಶ ಮೊದಲ ಬಾರಿ ಹಾಕಿದ. ಬಾಳೆಕಂದು ಕಟ್ಟಿಕೊಂಡಿದ್ದ ಜೀಪು ಮೆಲ್ಲಗೆ ಗುರ್ ಎಂದು ಮುಂದೆ ಹೋಯಿತು, ಕಾರು ಮೋರಿಯಿಂದ ಮೇಲೆ ಬಂತು. ಬೀದಿಯ ಜನ ಚಪ್ಪಾಳೆ ತಟ್ಟಿದರು.

ರೇಷ್ಮೆ ಅಂಗಿಯ ಮನುಷ್ಯ ಬಂದು ಭೀಮೇಶನ ಎರಡೂ ಕೈ ಹಿಡಿದುಕೊಂಡ. "ತುಂಬ ಉಪಕಾರ ಆಯ್ತು ಸಾರ್. ಹಾಗೇ ಇನ್ನೊಂದು, ಇಲ್ಲಿ ಸುಧಾಮಣಿ ಟೀಚರ್ ಮನೆ ಯಾವುದು? ನನ್ನ ಹೆಸರು ಪ್ರಸನ್ನ, ಅರೆಕೆರೆಯಿಂದ ಬಂದಿದೀನಿ. ನಾಲ್ಕಕ್ಕೆ ಬರ್ತೀನಿ ಅಂದಿದ್ದೆ. ಮಂಗಳವಾರ ಮೂರಕ್ಕೇ ರಾಹುಕಾಲ ಶುರುವಾಗುತ್ತಲ್ಲ, ಅಷ್ಟ್ರಲ್ಲಿ ಜೀಪ್ ನೋಡ್ಕೊಂಡ್ ಹೋಗ್ಬಿಡೋಣ ಅಂತ ಬೇಗ ಹೊರಟೆ."

ಉಗ್ರಪ್ಪ ಭೀಮೇಶನ ಮನೆಯನ್ನೂ ಜೀಪನ್ನೂ ತೋರಿಸಿದರು.

"ನಿಜ ಹೇಳ್ಲಾ ಸಾರ್," ಎಂದರು ಪ್ರಸನ್ನ. "ಟಾರ್ ರಸ್ತೆ ಬಿಟ್ಟು ಇಳಿಯದೇ ಇರೋ ಗಾಡಿ ಅಂತ ಶ್ವೇತಾ ಹೇಳಿದ್ಲು. ಬೇಡ ಅಂದುಬಿಡೋಣ ಅಂತಲೇ ಬಂದೆ. ಈಗ ನೋಡಿದ್ಮೇಲೆ ಬೇರೆ ಗಾಡಿ ನಂಗೆ ಬೇಡವೇ ಬೇಡ. ಆ ಸಾಮಾನು ಸಮೇತ ಕೊಡಿ."

ಭೀಮೇಶ ಹೆಂಡತಿಯ ಮುಖ ನೋಡಿದ. ಸುಧಾಮಣಿ ನಕ್ಕಳು. "ಕೊಡಲ್ಲ ಸಾರ್. ಮಾತು ಅಂದ್ರೆ ಮಾತು. ಸ್ಕೂಟರ್ ಮಾಡೋಕಾಗ್ದೇ ಇರೋ ಕೆಲಸ ಇವತ್ತು ಇವ್ರು ಮಾಡಿದಾರೆ. ನಾನು ಸೋತೆ."

ಅವನಿಗೆ ಅವಳ ಮೇಲೆ ಮದುವೆಯಾದ ಹೊಸತರಲ್ಲಿದ್ದಂಥ ಪ್ರೀತಿ ಉಕ್ಕಿತು. ಆಗ ಬಾಗಿಲಲ್ಲಿ ನಿಂತಿದ್ದ ಅಂಕಮ್ಮ ಬಾಯಿ ತೆರೆದಳು.

"ಕೊಡಲ್ಲ ಅನ್ನೋಕೆ ನಾವ್ಯಾರಮ್ಮ. ಈ ಮನುಷ್ಯನಿಗೋಸ್ಕರ ಚಾಮುಂಡಮ್ಮನೇ ಬಲಗಡೆ ಹೂ ಕೊಟ್ಟಿದಾಳೆ. ನಮ್ಮ ಬಾಗಿಲ ಮುಂದೆನೇ ಇವ್ರ ಕಾರ್ ನಿಲ್ಲಿಸಿ, ಪೂಜೆಗೆ ಕೂತ ಸಾಮಾನು ಎಬ್ಬಿಸಿದಾಳೆ ಅಂದ್ರೆ ಈ ಗಾಡಿ ಇವ್ರದ್ದೇ ಅಂತ. ನಲವತ್ತು ವರ್ಷದಿಂದ ಕೇಳ್ತಿದೀನಿ, ಯಾವತ್ತೂ ನಂಗೆ ಇಷ್ಟು ಬೇಗ ಕೊಟ್ಟಿರ್ಲಿಲ್ಲ."

ಅದು ನಿಜ. ಅಪ್ಪನ ಆಪರೇಷನ್ ದಿನ ಅಮ್ಮ ಇದೇ ಪಟದ ಮುಂದೆ ಎರಡು ಗಂಟೆ ಕೂತಿದ್ದಳು, ಹೂ ಬಿದ್ದಿರಲಿಲ್ಲ, ಅಪ್ಪನೂ ಉಳಿಯಲಿಲ್ಲ. ಇವತ್ತು ಅವಳ ಮುಖದಲ್ಲಿದ್ದ ಬೆಳಕನ್ನು ಭೀಮೇಶ ಅಪ್ಪ ಹೋದಾಗಿನಿಂದ ಎಂದೂ ಕಂಡಿರಲಿಲ್ಲ. ಫ್ಯಾನು ಹಾಕಿದ್ದು ನಾನು ಎಂದು ಒಂದು ಮಾತು ಹೇಳಿದರೆ ಜೀಪು ಉಳಿಯುತ್ತಿತ್ತು. ಅವನು ಬಗ್ಗಿ ಹಗ್ಗವನ್ನು ಸುತ್ತಿಡತೊಡಗಿದ.

"ಬಲಗಡೆ ಕೊಟ್ಳಾ ಅತ್ತೆ?" ಎನ್ನುತ್ತ ಸುಧಾಮಣಿ ಹಾಲಿನೊಳಗೆ ಇಣುಕಿದಳು. ಪಟದ ಮುಂದೆ ದೀಪ ಇನ್ನೂ ಅಲ್ಲಾಡುತ್ತಿತ್ತು. ಅವಳು ನಿಧಾನವಾಗಿ ತಲೆಯೆತ್ತಿ ಮೇಲೆ ನೋಡಿದಳು. ಒಳಗೆ ಹೋಗಿ ಸ್ವಿಚ್ ಆರಿಸಿದಳು. ದೀಪ ನೆಟ್ಟಗೆ ನಿಂತಿತು. ಅತ್ತೆಯ ಮುಖ ನೋಡಿದಳು. ಗೋಡೆಯ ಮೊಳೆಯಿಂದ ಜೀಪಿನ ಕೀಲಿ ತೆಗೆದು ತಂದು ಗಂಡನ ಕೈಗಿಟ್ಟಳು.

"ಬಲಗೈಯಲ್ಲೇ ಕೊಡಿ ಇವ್ರೆ," ಎಂದಳು ಮೆಲ್ಲಗೆ. "ಹೂ ಬಿದ್ದಿದ್ದು ಬಲಗಡೆ ಅಲ್ವಾ."