ಡ್ರಾಯಿಂಗ್ ಮೇಷ್ಟ್ರ ಇಳಿಜಾರು

ಎಲ್ಲಕ್ಕೂ ಮೂಲ ವಿಜ್ಞಾನದ ಮೇಷ್ಟ್ರ ಹಲ್ಲುನೋವು. ಅವರ ದವಡೆ ಊದಿಕೊಂಡ ದಿನವೇ ಇನ್ಸ್‌ಪೆಕ್ಟರು ಶಾಲೆಗೆ ಬರುವುದಿತ್ತು, ಅದೂ ಆರನೇ ತರಗತಿಯ ಭೌತಶಾಸ್ತ್ರದ ಪಾಠ ನೋಡಲು. ಆ ಹೊತ್ತಿಗೆ ಕೈ ಖಾಲಿ ಇದ್ದವರು ಡ್ರಾಯಿಂಗ್ ಮೇಷ್ಟ್ರೊಬ್ಬರೇ.

"ಫಿಸಿಕ್ಸ್‌ನಲ್ಲಿ ನನಗೆ ಅ ಆ ಇ ಈ ಗೊತ್ತಿಲ್ಲ ಮೇಡಂ," ಎಂದು ಅವರು ಕೈಮುಗಿದರು.

"ನೀವೇನೂ ಪಾಠ ಮಾಡ್ಬೇಡಿ. ಮಕ್ಕಳು ಗುಂಪಾಗಿ ಇಳಿಜಾರು ಕಟ್ಟಿ ಗೋಲಿ ಉರುಳಿಸ್ತಾರೆ. ನೀವು ಪಕ್ಕದಲ್ಲಿ ನಿಂತಿದ್ರೆ ಸಾಕು," ಎಂದರು ಹೆಡ್‌ಮಿಸ್ಸು. "ಇನ್ಸ್‌ಪೆಕ್ಟ್ರು ಮೆಚ್ಚಿದ್ರೆ ನಿಮ್ಮ ಡ್ರಾಯಿಂಗ್ ಪೀರಿಯಡ್ ಉಳೀತು. ಇಲ್ಲಾಂದ್ರೆ ಎಲ್ಲಾನೂ ಲೆಕ್ಕದ ಮೇಷ್ಟ್ರಿಗೆ ಕೊಡ್ತೀನಿ. ಅವರು ವರ್ಷದಿಂದ ಕೇಳ್ತಾನೇ ಇದಾರೆ."

ಡ್ರಾಯಿಂಗ್ ಮೇಷ್ಟ್ರು ತಕ್ಷಣ ಒಪ್ಪಿಕೊಂಡರು. ವಾರಕ್ಕೆ ಎಂಟು ಪೀರಿಯಡ್ ಮಕ್ಕಳ ಜೊತೆ ಬಣ್ಣ ಕಲಸುವುದು, ಅವರ ಬದುಕಿನ ಸುಖವೆಲ್ಲ ಅಷ್ಟೇ.

ಮಕ್ಕಳು ಮಾತ್ರ ಆಗಲೇ ಕೆಲಸಕ್ಕೆ ಇಳಿದಿದ್ದರು. ರಟ್ಟಿನ ಕೊಳವೆಗಳನ್ನು ಉದ್ದಕ್ಕೆ ಸೀಳಿ ಅಂಟಿಸಿ, ಡ್ರಾಯಿಂಗ್ ಹಲಗೆಗಳನ್ನು ಪುಸ್ತಕಗಳ ಮೇಲೆ ಓರೆಯಾಗಿ ಇಟ್ಟು ದಾರಿ ಮಾಡಿದರು. ಗೋಲಿ ಬೆಂಚಿನಿಂದ ಇಳಿದು, ಒಂದು ಸಣ್ಣ ದಿಬ್ಬ ಹತ್ತಿ, ಆಚೆ ಇರುವ ಡಬ್ಬಿಗೆ ಬೀಳಬೇಕು. ಮೊದಲ ಸಲ ಅದು ದಿಬ್ಬ ಹತ್ತಲಿಲ್ಲ.

"ಹೊರಡೋ ಜಾಗಕ್ಕಿಂತ ದಿಬ್ಬಾನೇ ಎತ್ತರ ಆಯ್ತು ಕಣ್ರೋ," ಎಂದಳು ಎರಡು ಜಡೆಯ ಕ್ಲಾಸ್ ಲೀಡರ್. ದಿಬ್ಬ ತಗ್ಗಿಸಿದರು, ಗೋಲಿ ಡಬ್ಬಿಗೆ ಬಿತ್ತು. ಠಣ್! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಇಣುಕಿದರು. "ದಿಬ್ಬ ಒಂದು ಗೇಣು ಎತ್ತರಿಸ್ರಿ, ನೋಡೋಕೆ ಚೆನ್ನಾಗಿರುತ್ತೆ," ಎಂದು ತಾವೇ ಎತ್ತರಿಸಿದರು. ಗೋಲಿ ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಅರ್ಧ ದಾರಿಗೆ ಹೋಗಿ ಹಿಂದಿರುಗಿತು. ಡ್ರಿಲ್ ಮೇಷ್ಟ್ರು ಬಂದು, "ಸ್ಪೀಡ್ ಸಾಲ್ದು!" ಎಂದು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು. ಗೋಲಿ ದಾರಿ ಬಿಟ್ಟು ಹಾರಿ ಅವರ ಬೋಳುತಲೆಗೇ ಬಡಿಯಿತು. ಮಕ್ಕಳು ತುಟಿ ಕಚ್ಚಿ ನಗು ತಡೆದುಕೊಂಡು ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು.

ಕೊನೆಗೆ ಹೆಡ್‌ಮಿಸ್ಸೇ ಓಡಿ ಬಂದರು. "ಬರೀ ರಟ್ಟು! ಬಂದೋರು ಏನಂದ್ಕೋತಾರೆ?" ಎಂದು ಸ್ಟೇಜಿನ ಕೆಂಪು ಮಖಮಲ್ಲನ್ನು ಇಳಿಜಾರಿನುದ್ದಕ್ಕೂ ಹೊದಿಸಿದರು. ಬೇಡ ಎನ್ನುವಷ್ಟರಲ್ಲಿ ಇನ್ಸ್‌ಪೆಕ್ಟರು ಬಾಗಿಲಲ್ಲಿದ್ದರು.

"ಎಲ್ಲಿ, ಬಿಡಿ ನೋಡೋಣ."

ಗೋಲಿ ಹೊರಟಿತು, ತೆವಳಿತು, ಮಖಮಲ್ಲಿನಲ್ಲಿ ಹಾಯಾಗಿ ನಿಂತುಬಿಟ್ಟಿತು.

"ಯಾಕ್ ನಿಂತಿತು ಮೇಷ್ಟ್ರೇ?"

ಮೇಷ್ಟ್ರು ಸುಳ್ಳಿಗಾಗಿ ತಡಕಾಡಿದರು. ಒಂದೂ ಸಿಗಲಿಲ್ಲ. "ಗೊತ್ತಿಲ್ಲ ಸಾರ್," ಎಂದುಬಿಟ್ಟರು. ಹೆಡ್‌ಮಿಸ್ಸಿನ ಮುಖ ಮಖಮಲ್ಲಿಗಿಂತ ಕೆಂಪಾಯಿತು.

"ಬಟ್ಟೆ ಗೋಲೀನ ಹಿಡ್ಕೊಳ್ತಿದೆ ಸಾರ್," ಎಂದಳು ಎರಡು ಜಡೆಯವಳು.

"ಹೇಗೆ ಹೇಳ್ತೀಯಮ್ಮ?"

"ತೆಗೆದು ನೋಡಿದ್ರಾಯ್ತಲ್ಲ." ತೆಗೆದಳು. ಠಣ್! ಅರ್ಧಕ್ಕೆ ಹೊದಿಸಿ ಬಿಟ್ಟರು, ಗೋಲಿ ದಿಬ್ಬದ ಬುಡಕ್ಕೆ ಬಂದು ನಿಂತಿತು. ಮೇಷ್ಟ್ರು ಭಯ ಮರೆತು ನೆಲಕ್ಕೆ ಮೊಣಕಾಲೂರಿದರು. "ಅರೆ, ಕಾಲು ಭಾಗ ಹೊದಿಸಿದ್ರೆ ಏನಾಗುತ್ತೆ?" ಎಂದರು. ಇನ್ಸ್‌ಪೆಕ್ಟರೂ ಪ್ಯಾಂಟು ಮೇಲೆಳೆದುಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

ಗಂಟೆ ಹೊಡೆದಾಗ ಇನ್ಸ್‌ಪೆಕ್ಟರು ಮೇಷ್ಟ್ರ ಕೈ ಹಿಡಿದುಕೊಂಡರು. "ಎಲ್ಲಾ ಗೊತ್ತಿದ್ದೂ ಗೊತ್ತಿಲ್ಲ ಅಂದು ಮಕ್ಕಳ ಬಾಯಿಂದಲೇ ಹೇಳಿಸಿದ್ರಲ್ಲ! ಭೇಷ್!"

"ನಿಜವಾಗ್ಲೂ ಗೊತ್ತಿಲ್ಲ ಸಾರ್. ನಾನು ಡ್ರಾಯಿಂಗ್ ಮೇಷ್ಟ್ರು, ಆ ಪೀರಿಯಡ್ ಉಳಿದ್ರೆ ಸಾಕು."

"ಆಹಾ, ಏನು ವಿನಯ! ಮೇಡಂ, ಡ್ರಾಯಿಂಗ್ ಪೀರಿಯಡ್ ಒಂದೂ ಕಡಿಮೆ ಮಾಡ್ಬೇಡಿ."

ಮೇಷ್ಟ್ರ ಕಣ್ಣು ತುಂಬಿ ಬಂತು.

"ಆದ್ರೆ ಇವರು ಅಲ್ಲಿ ಕೊಳೀಬಾರ್ದು. ನಾಳೆಯಿಂದ ಫಿಸಿಕ್ಸ್ ಪೂರ್ತಿ ಇವರದ್ದೇ. ಡ್ರಾಯಿಂಗನ್ನ... ಲೆಕ್ಕದ ಮೇಷ್ಟ್ರು ನೋಡ್ಕೊಳ್ಲಿ."

ಎಲ್ಲರೂ ಹೋದ ಮೇಲೆ ಮೇಷ್ಟ್ರು ಇಂಗು ತಿಂದ ಮಂಗನಂತೆ ಬೆಂಚಿನ ಮೇಲೆ ಕೂತರು. ಆದರೂ ಸುತ್ತ ನಿಂತ ಮಕ್ಕಳನ್ನು ಕಂಡು ಮನಸ್ಸು ತುಂಬಿತು. "ನೀವಿಲ್ದಿದ್ರೆ ಇವತ್ತು ನನ್ನ ಮಾನ ಹೋಗ್ತಿತ್ತು. ನಿಮ್ಮ ಉಪಕಾರ ಮರೆಯಲ್ಲ ಕಣ್ರೋ," ಎಂದರು.

"ನಾವೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಸಾರ್," ಎಂದಳು ಎರಡು ಜಡೆಯವಳು. "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ ಮೇಷ್ಟ್ರು ನೀವೊಬ್ರೇ. ನಮಗಂತೂ ತುಂಬಾ ಖುಷಿಯಾಯ್ತು."

ಆಮೇಲೆ ತನ್ನ ವಿಜ್ಞಾನದ ಪುಸ್ತಕವನ್ನು ಅವರ ಕೈಗಿಟ್ಟಳು. "ನಾಳೆಗೆ ಮೊದಲ ಎರಡು ಪಾಠ ಓದ್ಕೊಂಡ್ ಬನ್ನಿ ಸಾರ್. ಇನ್ಮೇಲೆ ಗೊತ್ತಿಲ್ಲ ಅಂದ್ರೆ ನಾವು ಬಿಡಲ್ಲ."