ಒಲ್ಲೆ ಎಂದ ಮಾವೇಲಿ

ಬೇಕರಿ ದಾಮೋದರನ್ ಓಣಂನ ಹಿಂದಿನ ದಿನ ಪಾಯಸದ ರುಚಿ ನೋಡಲು ಹೋಗಿ ಹಂಡೆಯ ತಳವನ್ನೇ ನೋಡಿಬಿಟ್ಟ. ಮರುದಿನ ಬೆಳಿಗ್ಗೆ ಅವನು ಕಕ್ಕಸು ಬಿಟ್ಟು ಕದಲುವ ಸ್ಥಿತಿಯಲ್ಲಿರಲಿಲ್ಲ. ಉದಯ ಕ್ಲಬ್ಬಿನ ಮೆರವಣಿಗೆಯಲ್ಲಿ ಮಾವೇಲಿ ಆಗಬೇಕಾಗಿದ್ದವನು ಅವನೇ. ವರ್ಷಕ್ಕೊಮ್ಮೆ ಪಾತಾಳದಿಂದ ಪ್ರಜೆಗಳನ್ನು ನೋಡಲು ಬರುವ ಬಲಿ ಚಕ್ರವರ್ತಿಗೆ ಕಿರೀಟ ಇಲ್ಲದಿದ್ದರೂ ನಡೆದೀತು, ಹೊಟ್ಟೆ ಇಲ್ಲದಿದ್ದರೆ ನಡೆಯದು. ಅಂಥ ಹೊಟ್ಟೆ ಷೊರ್ನೂರಿನ ಆ ಬೀದಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಕಾರ್ಯದರ್ಶಿ ವರ್ಗೀಸ್ ನೇರವಾಗಿ ಅಪ್ಪುಕ್ಕುಟ್ಟನ್ ಮನೆಗೆ ಬಂದ. ಅಪ್ಪುಕ್ಕುಟ್ಟನ್ ಕ್ಲಬ್ಬಿನ ಸ್ವಯಂಸೇವಕ. ಬೆಂಚು ಹೊರುವುದಿರಲಿ, ಮೈಕು ಕಟ್ಟುವುದಿರಲಿ, ಕರೆದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟುಬಿಡುವವನು.

"ನಾನಾ? ಹೊಟ್ಟೆ ಬೆನ್ನಿಗೆ ಅಂಟ್ಕೊಂಡಿದೆ ವರ್ಗೀಸೇಟ್ಟಾ!"

"ದಿಂಬು ಕಟ್ಟಿದ್ರಾಯ್ತು. ನಿನ್ನ ಬಿಟ್ರೆ ನಂಬೋಕೆ ಇನ್ಯಾರಿದಾರೋ?"

ಆ ಒಂದು ಮಾತಿಗೆ ಅಪ್ಪುಕ್ಕುಟ್ಟನ್ ಬೆಣ್ಣೆಯಾದ. ಒಳಗಿನಿಂದ ಹೆಂಡತಿ ರಮಣಿ ಸೌಟು ಹಿಡಿದೇ ಬಂದಳು. "ದುಬೈಯಿಂದ ನಮ್ಮಣ್ಣ ಊಟಕ್ಕೆ ಬರ್ತಿದಾನೆ. ಇವತ್ತೂ ನೀವು ಎಲೆ ಮುಂದೆ ಇಲ್ದೇ ಹೋದ್ರೆ, ಚೇಟ್ಟಾ, ಹಾಗೇ ಪಾತಾಳಕ್ಕೇ ಹೋಗ್ಬಿಡಿ!"

"ಎಲೆ ಹಾಕೋ ಹೊತ್ತಿಗೆ ಬಂದ್ಬಿಡ್ತೀನಿ ಕಣೇ."

ರೇಷ್ಮೆ ಪಂಚೆ, ತಲೆಗೆ ಕಿರೀಟ, ಹತ್ತಿಯ ಮೀಸೆ, ಓಲೆಗರಿಯ ಕೊಡೆ. ಚಕ್ರವರ್ತಿ ಬೀದಿಗಿಳಿದ. ಮೊದಲ ಮನೆಯಲ್ಲೇ ಪಾರುಕುಟ್ಟಿಯಮ್ಮ ಕೈಮುಗಿದು, "ಹೇಗೂ ಬಂದಿದೀಯ, ಈ ಗ್ಯಾಸ್ ಸಿಲಿಂಡರ್ ಒಳಗಿಟ್ಟು ಹೋಗು ಮೋನೇ" ಎಂದಳು. ಸಿಲಿಂಡರ್ ಎತ್ತಿದ ರಭಸಕ್ಕೆ ಹೊಟ್ಟೆ ಜಾರಿ ಬೆನ್ನಿಗೆ ಹೋಯಿತು. "ಅಯ್ಯೋ, ಮಾವೇಲಿಗೆ ಗೂನು!" ಎಂದು ಮಕ್ಕಳು ಕುಣಿದವು.

ಮೈದಾನದಲ್ಲಿ ಹಗ್ಗಜಗ್ಗಾಟಕ್ಕೆ ಒಬ್ಬ ಕಡಿಮೆ. ಮಾವೇಲಿ ಎಳೆದ, ಕೆಸರಿಗೆ ಬಿದ್ದ. ಎದ್ದು ಮನೆಯ ಕಡೆ ತಿರುಗಿದರೆ ವರ್ಗೀಸ್ ಸಾಂಬಾರಿನ ಬಕೆಟ್ ಕೈಗಿತ್ತ. "ಒಂದೇ ಪಂಕ್ತಿ ಕಣೋ!" ಆ ಒಂದೇ ಪಂಕ್ತಿ ಹನುಮಂತನ ಬಾಲವಾಯಿತು. ಬಗ್ಗಿ ಬಗ್ಗಿ ಬಡಿಸುವಾಗ ಕಿರೀಟ ಬಕೆಟ್ಟಿಗೆ ಬಿತ್ತು. "ಒಳ್ಳೇ ನುಗ್ಗೇಕಾಯಿ ಹಾಕಿದೀರಪ್ಪ" ಎಂದ ಒಬ್ಬ ಮುದುಕ. ಊರೆಲ್ಲ ಉಂಡು ತೇಗಿತು. ಚಕ್ರವರ್ತಿಯ ಹೊಟ್ಟೆಯಲ್ಲಿ ದಿಂಬಿನ ಹಿಂದೆ ಇಲಿ ಓಡುತ್ತಿತ್ತು. ರಮಣಿ ಹಾಕಿದ ಎಲೆ ಈಗ ಹಸುವಿನ ಬಾಯಲ್ಲಿರಬೇಕು ಎಂದು ಅವನು ನೆನೆದ.

ಸಂಜೆ ಸಭೆಯಲ್ಲಿ ವರ್ಗೀಸ್ ಮೈಕು ಕೊಟ್ಟ. "ಪ್ರಜೆಗಳಿಗೆ ಎರಡು ಮಾತು ಹೇಳಪ್ಪ."

ಅಷ್ಟೂ ವರ್ಷದ ಸಿಟ್ಟು ಒಮ್ಮೆಲೇ ಉಕ್ಕಿತು. "ಸಾಕು! ನಿಮಗೋಸ್ಕರ ದುಡಿದೂ ದುಡಿದೂ ಸಾಕಾಗಿದೆ! ನನ್ನ ತಲೆ ಮೇಲೆ ಕಾಲಿಟ್ಟು ತುಳಿದಿದೀರಿ. ಇದೋ ಹೊರಟೆ. ಇನ್ನು ಕರೀಬೇಡಿ, ಬರಲ್ಲ!" ಎಂದು ಕಿರೀಟವನ್ನು ನೆಲಕ್ಕೆ ಬಡಿದ.

ಮರುಕ್ಷಣ ಚಪ್ಪಾಳೆ, ಸಿಳ್ಳೆ. "ಆಹಾ, ಮಾವೇಲಿಯ ಸಂಕಟವನ್ನ ಹೀಗೆ ಯಾರೂ ಆಡಿ ತೋರ್ಸಿರಲಿಲ್ಲ!" ಪಾರುಕುಟ್ಟಿಯಮ್ಮ ಕಾಲಿಗೇ ಬಿದ್ದಳು.

"ನಾಟಕ ಅಲ್ಲ, ನಿಜ ಹೇಳ್ತಿದೀನಿ!" ಎಂದು ಅವನು ಕಿರುಚಿದ. ಚಪ್ಪಾಳೆ ಇಮ್ಮಡಿಯಾಯಿತು.

ಜನರ ನಡುವೆ ರಮಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಕಂಡಿತು. ಇವಳಿಗಾದರೂ ಅರ್ಥವಾಯಿತಲ್ಲ ಎಂದು ಅಪ್ಪುಕ್ಕುಟ್ಟನ್ ವೇದಿಕೆಯಿಂದ ಧುಮುಕಿ ಅವಳ ಬಳಿಗೆ ಓಡಿದ.

"ಬಯ್ಯೋಣಾಂತಲೇ ಬಂದಿದ್ದೆ" ಎಂದು ಅವಳು ಮೂಗೆಳೆದಳು. "ನೀವು ಇಷ್ಟು ಚೆನ್ನಾಗಿ ಆಡ್ತೀರಂತ ಗೊತ್ತೇ ಇರಲಿಲ್ಲ. ಅಣ್ಣನೂ ಅತ್ತುಬಿಟ್ಟ. ಇನ್ಮೇಲೆ ಪ್ರತಿವರ್ಷ ನೀವೇ ಮಾವೇಲಿ ಆಗ್ಬೇಕೂಂತ ವರ್ಗೀಸೇಟ್ಟ ಈಗಷ್ಟೇ ಬಂದು ಕೇಳಿದ್ರು. ಆಗ್ಲೀಂತ ನಾನೇ ಮಾತು ಕೊಟ್ಟೆ. ನೀವಂತೂ ಯಾವತ್ತು ಇಲ್ಲ ಅಂದಿದೀರಿ?"