ಕಲ್ಯಾಣದುರ್ಗದಲ್ಲಿ ಇಳಿಯದೆ ಉಳಿದ ರಾಕೆಟ್

ಕಲ್ಯಾಣದುರ್ಗದ ಮೊದಲನೆಯ ಕಂಪ್ಯೂಟರ್ ನಮ್ಮ ಸೋದರಮಾವ. ಅವರು ಕಂಪ್ಯೂಟರ್ ಕೊಂಡಿದ್ದರು, ಕಲಿತಿದ್ದರು, ಕಲಿಸಿದರು ಎಂದೆಲ್ಲ ಊಹಿಸಿಕೊಳ್ಳಬೇಡಿ. ಅವರೇ ಕಂಪ್ಯೂಟರ್. ಪಂಚೆ ಉಟ್ಟು, ಬನಿಯನ್ ತೊಟ್ಟು, ಜಗಲಿಯ ಮೇಲೆ ಕೂತಿರುತ್ತಿದ್ದ ಕಂಪ್ಯೂಟರ್. ಕರೆಂಟ್ ಹೋದರೂ ನಡೆಯುತ್ತಿತ್ತು. ಕಾಫಿ ತಡವಾದರೆ ಮಾತ್ರ ಕೆಡುತ್ತಿತ್ತು.

ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮೆಷಿನ್ನುಗಳಿಗೆ ರಿಬ್ಬನ್ನು, ಎಣ್ಣೆ ಕೊಳ್ಳಲು ಅವರು ಆಗಾಗ ನಮ್ಮ ಹಿಂದೂಪುರಕ್ಕೆ ಬರುತ್ತಿದ್ದರು. ಬಂದವರು ನೇರವಾಗಿ ತಂಗಿಯ ಮನೆಗೆ, ಎಂದರೆ ನಮ್ಮ ಮನೆಗೆ, ಬರಬೇಕಲ್ಲವೆ? ಅವರು ಮೊದಲು ಹೋಗುತ್ತಿದ್ದದ್ದು ಮಾರ್ಕೆಟ್ಟಿನ ಹಿಂದಿನ ರದ್ದಿ ಅಂಗಡಿಗೆ. ಬೆಂಗಳೂರಿನ ಕಡೆಯಿಂದ ಲಾರಿಯಲ್ಲಿ ಬರುತ್ತಿದ್ದ ಹಳೇ ಕಾಗದದ ಹೊರೆಯಲ್ಲಿ ಕೆಲವು ಇಂಗ್ಲಿಷ್ ಪತ್ರಿಕೆಗಳೂ ಇರುತ್ತಿದ್ದವು. ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಕಂಪ್ಯೂಟರುಗಳ ಪತ್ರಿಕೆಗಳು, ಅವುಗಳಲ್ಲಿ ಆಡುವ ಆಟಗಳ ಪತ್ರಿಕೆಗಳು. ಬಣ್ಣದ ಮುಖಪುಟದ ತುಂಬಾ ರಾಕ್ಷಸರು, ಬೆಂಕಿ ಉಗುಳುವ ವಿಮಾನಗಳು. ಅಂಗಡಿಯವನು ಅವನ್ನು ಮಾವನಿಗೆಂದೇ ಬೇರೆ ತೆಗೆದಿಡುತ್ತಿದ್ದ.

"ತೀಸ್ಕೋಂಡಿ ಸಾರೂ, ಇವಿ ಮೀಕೇ" ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ, ತಗೊಳ್ಳಿ, ಇವು ನಿಮಗೇ ಅನ್ನುತ್ತಿದ್ದ. "ನುಣ್ಣಗಿನ ಕಾಗ್ದ. ಶನಕ್ಕಾಯಲು ಕಟ್ಟೇದಾನಿಕೂ ಪನಿಕಿ ರಾದು."

ಕಡಲೆಕಾಯಿ ಕಟ್ಟಲೂ ಬಾರದ ಆ ಕಾಗದವನ್ನು ಮಾವ ಎದೆಗವಚಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಮ್ಮಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು, "ಏನಣ್ಣಾ, ಮಕ್ಳಿಗೆ ಏನಾರ ತಂದ್ಯಾ?" ಮಾವ ಗಂಭೀರವಾಗಿ ಕಟ್ಟನ್ನು ತೋರಿಸುತ್ತಿದ್ದರು. ಬಾಳೆಹಣ್ಣು ತಂದಿದ್ದರೆ ತಿನ್ನಬಹುದಿತ್ತು.

ಆ ಕಾಲದ ಪತ್ರಿಕೆಗಳದ್ದೊಂದು ಪದ್ಧತಿ ಇತ್ತು. ಅವುಗಳ ಪುಟಗಳಲ್ಲಿ ಆಟದ ಪ್ರೋಗ್ರಾಮೇ ಸಾಲುಸಾಲಾಗಿ ಅಚ್ಚಾಗಿರುತ್ತಿತ್ತು. ಸಾಲಿಗೊಂದು ನಂಬರು: ಹತ್ತು, ಇಪ್ಪತ್ತು, ಮೂವತ್ತು. ಓದುಗರು ಕೂತು ಅಷ್ಟನ್ನೂ ತಮ್ಮ ಕಂಪ್ಯೂಟರಿಗೆ ಟೈಪ್ ಮಾಡಬೇಕು, ಆಮೇಲೆ ಆಡಬೇಕು. ಮಾವನಿಗೆ ಟೈಪ್ ಮಾಡುವುದು ಚೆನ್ನಾಗಿ ಬರುತ್ತಿತ್ತು. ಇಲ್ಲದ್ದು ಕಂಪ್ಯೂಟರ್ ಒಂದೇ. ಅಷ್ಟು ಸಣ್ಣ ಕೊರತೆಗೆ ಹೆದರಿ ಯಾರಾದರೂ ಸುಮ್ಮನಿರುತ್ತಾರೆಯೇ?

ಅವರು ಆ ಸಾಲುಗಳನ್ನೆಲ್ಲ ಟೈಪ್‌ರೈಟರಿನಲ್ಲಿ ಹೊಡೆದು ಜೋಡಿಸಿಟ್ಟರು. ತಾವು ಹೊಡೆದದ್ದಲ್ಲದೆ ಕಲಿಯಲು ಬಂದವರಿಂದಲೂ ಹೊಡೆಸಿದರು. "ಸರ್ಕಾರಿ ಪತ್ರ ಯಾವನ್ ಬೇಕಾದ್ರೂ ಹೊಡೀತಾನೆ. ಕೋಲನ್ನು, ಬ್ರಾಕೆಟ್ಟು ತಪ್ದಂಗ್ ಹೊಡ್ದೋನೇ ಟೈಪಿಸ್ಟು" ಎಂಬುದು ಅವರ ಸಿದ್ಧಾಂತ. ಪರಿಣಾಮ ಏನಾಯಿತು? ಸೆಟ್ಟೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಟೈಪಿಂಗ್ ಪರೀಕ್ಷೆಯಲ್ಲಿ ಕಚೇರಿಗೆ ಬರೆಯುವ ಪತ್ರವನ್ನು ಹೊಡೆಯುವಾಗ, ಅಭ್ಯಾಸಬಲದಿಂದ, ಪ್ರತಿ ಸಾಲಿನ ಮುಂದೆಯೂ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಹಾಕಿಬಿಟ್ಟಳು. "ಮಾನ್ಯರೇ" ಎನ್ನುವುದಕ್ಕೂ ಒಂದು ನಂಬರು! ಫೇಲಾದಳು. ಅವಳ ಅಪ್ಪ ಜಗಳಕ್ಕೆ ಬಂದ. ಮಾವ ಹುಡುಗಿಯಿಂದ ಅದೇ ಪತ್ರವನ್ನು ಮತ್ತೊಮ್ಮೆ ಹೊಡೆಸಿ, ಮೇಲಿಂದ ಕೆಳಗೆ ಓದಿ ಹೇಳಿದರು:

"ಇದ್ರಾಗೆ ಒಂದ್ ತಪ್ಪೂ ಇಲ್ಲ ಕಣಪ್ಪ. ಇದು ಓಡ್ತೈತೆ."

"ಎಲ್ಲಿಗ್ ಓಡ್ತೈತೆ ಸ್ವಾಮಿ?" ಎಂದ ಅಪ್ಪ. ಹುಡುಗಿ ಮುಂದಿನ ಸಲ ಪಾಸಾದಳು. ಮಾವ ತಮ್ಮ ಸಿದ್ಧಾಂತ ಬಿಡಲಿಲ್ಲ.

ಬೇಸಿಗೆ ರಜೆಗೆ ನಾನು ಕಲ್ಯಾಣದುರ್ಗಕ್ಕೆ ಹೋದರೆ ಸಂಜೆ ಜಗಲಿಯ ಮೇಲೆ ಆಟ. ನಾವು ಮಕ್ಕಳು ಬೀದಿಯ ಆಚೆ ಈಚೆ ಮನೆಗಳಿಂದ ಬಂದು ಸುತ್ತ ಕೂರುತ್ತಿದ್ದೆವು. ಯಾರಾದರೂ ಒಬ್ಬರು "ರನ್" ಅನ್ನಬೇಕು. ಅಂದ ಕೂಡಲೇ ಮಾವ ಮನುಷ್ಯರಾಗಿರುವುದನ್ನು ನಿಲ್ಲಿಸುತ್ತಿದ್ದರು. ಆಟದ ನಡುವೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಒಂದು ಸಲ ಅತ್ತೆ ಬಂದು, "ಅನ್ನ ಆರೋಯ್ತೈತೆ, ಏಳ್ರಿ" ಎಂದರು. ಕಂಪ್ಯೂಟರ್ ಅಲುಗಲಿಲ್ಲ. ನಾನು ಮೆಲ್ಲಗೆ, "ಅತ್ತೆ, ಹಂಗಲ್ಲ. ಎಂಟರ್ ಹೊಡೀಬೇಕು" ಎಂದೆ. ಅತ್ತೆ ಕೈಯಲ್ಲಿದ್ದ ಸೌಟಿನಿಂದ ಕಂಪ್ಯೂಟರಿನ ಬೆನ್ನಿಗೆ ಒಂದು ಕೊಟ್ಟರು. ಅಂದು ಊಟ ಬಿಸಿಬಿಸಿಯಾಗಿಯೇ ಆಯಿತು.

ಎಲ್ಲ ಆಟಗಳಿಗಿಂತ ದೊಡ್ಡದು ರಾಕೆಟ್ಟಿನ ಆಟ. ಚಂದ್ರನ ಮೇಲೆ ರಾಕೆಟ್ಟನ್ನು ಮೆಲ್ಲಗೆ ಇಳಿಸಬೇಕು. ಗೋಡೆಯ ಮೊಳೆಯಿಂದ ದಾರ ಇಳಿಬಿಟ್ಟು ಅದರ ತುದಿಗೆ ಪೆನ್ನಿನ ಕ್ಯಾಪು ಕಟ್ಟಿದ್ದರು. ಅದು ರಾಕೆಟ್ಟು. ಕೆಳಗೆ ಅತ್ತೆಯ ತೂತು ಬಿದ್ದ ರೊಟ್ಟಿಹೆಂಚನ್ನು ಬೋರಲು ಹಾಕಿದ್ದರು. ಅದು ಚಂದ್ರ. ಇಂಧನವೆಂದರೆ ಹುಣಸೆಬೀಜ, ಒಂದು ಡಬ್ಬಿಯಲ್ಲಿ ಒಂದು ಹಿಡಿ. ಪ್ರತಿ ಸರದಿಯಲ್ಲೂ ಬೀಳುವ ವೇಗ ತಗ್ಗಿಸಲು ಎಷ್ಟು ಬೀಜ ಸುಡಬೇಕೆಂದು ನಾವು ಹೇಳಬೇಕು. ಮಾವ ಕಣ್ಣು ಮುಚ್ಚಿ, ಟೈಪ್ ಮಾಡಿಟ್ಟ ಸಾಲುಗಳ ಪ್ರಕಾರ ಮನಸ್ಸಿನಲ್ಲೇ ಲೆಕ್ಕ ಹಾಕಿ, ದಾರವನ್ನು ಅಷ್ಟು ಸಡಿಲಿಸುತ್ತಿದ್ದರು. ಜಿಪುಣತನ ಮಾಡಿದರೆ ರಾಕೆಟ್ಟು ದಬದಬ ಇಳಿಯುತ್ತಿತ್ತು. ಧಾರಾಳ ಮಾಡಿದರೆ ಬೀಜ ಮುಗಿದು ಹೆಂಚಿನ ಮೇಲೆ ಠಣ್ಣೆಂದು ಬೀಳುತ್ತಿತ್ತು. ಆ ಸದ್ದಿಗೆ ಚಿಕ್ಕವರು ಅಳುತ್ತಿದ್ದರು.

"ಪಾಪ, ಮಕ್ಳು. ಇನ್ನೊಂದ್ ಹಿಡಿ ಬೀಜ ಹಾಕ್ರಿ" ಎಂದು ಅತ್ತೆ ಒಳಗಿನಿಂದ ಹೇಳುತ್ತಿದ್ದರು.

"ಕಂಪ್ಯೂಟರ್‌ಗೆ ಪಾಪ ಪುಣ್ಯ ಇಲ್ಲ ಕಣೇ. ಒಂದ್ ಹಿಡಿ ಅಂದ್ರೆ ಒಂದೇ ಹಿಡಿ" ಎನ್ನುತ್ತಿದ್ದರು ಮಾವ, ಆಟ ಮುಗಿದದ್ದರಿಂದ ಮತ್ತೆ ಮನುಷ್ಯರಾಗಿ.

ಎಂದೋ ಒಮ್ಮೆ, ಎಲ್ಲರೂ ಉಸಿರು ಬಿಗಿಹಿಡಿದು ಹೇಳಿದ ಲೆಕ್ಕ ಸರಿಹೋಗಿ, ರಾಕೆಟ್ಟು ಬೀಳದೆ ಹೆಂಚಿನ ಮೇಲೆ ಒಂದು ಗೇಣಿನಷ್ಟು ಎತ್ತರಕ್ಕೆ ಬರುತ್ತಿತ್ತು. ಅಲ್ಲಿಗೆ ಮಾವ ಕಣ್ಣು ಬಿಡುತ್ತಿದ್ದರು. ಪತ್ರಿಕೆಯಲ್ಲಿ ಪ್ರೋಗ್ರಾಮು ಅಲ್ಲಿಗೇ ನಿಂತಿತ್ತು. ಮಿಕ್ಕದ್ದು ಮುಂದಿನ ಸಂಚಿಕೆಯಲ್ಲಿ. ಆ ಮುಂದಿನ ಸಂಚಿಕೆ ರದ್ದಿ ಅಂಗಡಿಗೆ ಬಂದಿರಲಿಲ್ಲ. ಮಾವ ದಾರವನ್ನು ಮೊಳೆಗೆ ಸುತ್ತಿ, "ಪುಸ್ತಕ ಸಿಗ್ಲಿ, ಇಳಿಸಾಣ. ನಾಳೆ ಬರ್ರಿ" ಎನ್ನುತ್ತಿದ್ದರು. ನಾವು ನಾಳೆ ಹೋಗುತ್ತಿದ್ದೆವು. ನಾಡಿದ್ದೂ ಹೋಗುತ್ತಿದ್ದೆವು. ಮಕ್ಕಳಿಲ್ಲದ ಆ ಮನೆಯ ಜಗಲಿ ನಮ್ಮ ಗದ್ದಲದಿಂದ ಅಲ್ಲಾಡುತ್ತಿತ್ತು.

ಮುಂದೆ ಊರಿಗೆ ನಿಜವಾದ ಕಂಪ್ಯೂಟರ್ ಬಂತು. ಪರಿಚಯದವರೊಬ್ಬರು ಅಂಗಡಿಗೆ ತಂದು ಮಾವನನ್ನೇ ಮೊದಲು ಕೂರಿಸಿದರು. ಮಾವ ಸ್ನಾನ ಮಾಡಿ, ವಿಭೂತಿ ಇಟ್ಟು, ಪತ್ರಿಕೆ ತೆಗೆದುಕೊಂಡು ಹೋದರು. ಹಳೆಯ ಸಾಲುಗಳು ಹೊಸ ಮೆಷಿನ್ನಿಗೆ ಅರ್ಥವಾಗಬೇಕಲ್ಲ? ಒಂದು ಸಾಲು ಹೊಡೆದರೆ ತಪ್ಪು ಎಂದಿತು. ಇನ್ನೊಂದು ಹೊಡೆದರೆ ಅದೂ ತಪ್ಪು. ಮಾವ ಎದ್ದು ಬಂದುಬಿಟ್ಟರು.

"ಅಂಗ್ಡಿಗ್ ಬಂದೋರ್ನ ಕೂಡ್ಸಿ, ಒಂದ್ ಮಾತೂ ಪೂರ್ತಿ ಕೇಳ್ದೆ ತಪ್ಪು ತಪ್ಪು ಅಂತಾನೆ. ಅವನ್ಗೆ ಮರ್ಯಾದಿ ಕಲಿಸಿಲ್ಲ" ಎಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದಾಗಲೂ ಅವರು ಮೆಷಿನ್ನುಗಳನ್ನು ಕೊಟ್ಟರು, ಪತ್ರಿಕೆಗಳನ್ನು ಕೊಡಲಿಲ್ಲ. ಪೆನ್ನಿನ ಕ್ಯಾಪು ಗೋಡೆಯ ಮೇಲೆ ಹಾಗೆಯೇ ನಿಂತಿತು. ಸುಣ್ಣ ಬಳಿಯುವವರು ಅದರ ಸುತ್ತ ಬಳಿದು ಹೋಗುತ್ತಿದ್ದರು.

ಇಷ್ಟು ದಿನ ಇದು ನನಗೆ ನಗುವ ಕತೆಯಾಗಿತ್ತು. ಮೊನ್ನೆ ಮಾವನ ಹೃದಯದಲ್ಲಿ ತೊಂದರೆ ಇದೆಯೆಂದು ತಿಳಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಬೇಕು. ವಯಸ್ಸಾಗಿದೆ, ಏನನ್ನೂ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಫೋನಿನಲ್ಲಿ ಕೇಳಿದರೆ ಮಾವ, "ನೋಡಾಣ ಬಿಡಮ್ಮ. ಹೋಗೋ ಟೈಮ್ ಬಂದ್ರೆ ಹೋಯ್ತೀನಿ" ಎಂದಷ್ಟೇ ಅಂದರು. ಆ ದನಿಯಲ್ಲಿ ವಾಪಸು ಬರುವ ಮಾತೇ ಇರಲಿಲ್ಲ. ನನಗೆ ಭಯವಾಯಿತು. ಅಡುಗೆಮನೆಯಲ್ಲಿ ನಿಂತು ಅಳುತ್ತಾ, ಬೇರೆ ಯಾವುದೂ ಹೊಳೆಯದೆ, ಅವರ ರಾಕೆಟ್ಟು ಇಳಿಯಲೇ ಇಲ್ಲವಲ್ಲ ಎಂದುಕೊಂಡೆ.

ಮಗಳಿಗೆ ಹೇಳಿದೆ. ಆ ಪತ್ರಿಕೆಯ ಹೆಸರು, ತಿಂಗಳು ನನಗಿನ್ನೂ ಬಾಯಿಪಾಠ. ಆ ಕಾಲದ ಪತ್ರಿಕೆಗಳನ್ನೆಲ್ಲ ಯಾರೋ ಪುಣ್ಯಾತ್ಮರು ಪುಟಪುಟವೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರಂತೆ. ನಾನು ಚಹಾ ಸೋಸಿ ತರುವಷ್ಟರಲ್ಲಿ ಅವಳು ಆ ಮುಂದಿನ ಸಂಚಿಕೆಯನ್ನು ಫೋನಿನಲ್ಲಿ ಹಿಡಿದು ಕೂತಿದ್ದಳು. ಮಾವ ವರ್ಷಗಟ್ಟಲೆ ಕಾದದ್ದು ಅಂಗೈಯಷ್ಟು ಪರದೆಯ ಮೇಲೆ ಇತ್ತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಆಪರೇಷನ್ನಿಗೆ ಮುಂಚೆ ಆ ರಾಕೆಟ್ಟನ್ನು ಇಳಿಸಲೇಬೇಕೆಂದು ಬಸ್ಸು ಹತ್ತಿದೆ. ಪೆನುಕೊಂಡದಲ್ಲಿ ಬಸ್ಸು ಬದಲಿಸುವಾಗಲೂ ಕವರು ಎದೆಗವಚಿಕೊಂಡಿದ್ದೆ. ರಕ್ತಸಂಬಂಧ ಎಲ್ಲಿ ಹೋಗುತ್ತದೆ?

ಮಾವ ಜಗಲಿಯಲ್ಲೇ ಕೂತಿದ್ದರು. ಸೊರಗಿದ್ದರು. ಬೆಂಗಳೂರಿಗೆ ಒಯ್ಯುವ ಬ್ಯಾಗು ಬಾಗಿಲ ಬಳಿ ಸಿದ್ಧವಾಗಿತ್ತು. ಹಾಳೆಗಳನ್ನು ಕೈಗಿಟ್ಟು, "ಮಾವ, ಮುಂದಿನ ಸಂಚಿಕೆ ಸಿಕ್ತು" ಎಂದೆ. ಅವರು ಕನ್ನಡಕ ಏರಿಸಿದರು. ಬೆರಳು ಸಾಲುಗಳ ಮೇಲೆ ನಿಧಾನವಾಗಿ ಇಳಿಯುತ್ತಾ ಒಂದು ಕಡೆ ನಿಂತಿತು.

"ಇಲ್ಲಿ ಪ್ಲಸ್ ಅಲ್ಲ ಕಣಮ್ಮ, ಮೈನಸ್ ಇರ್ಬೇಕು. ಅಚ್ಚಿನ ತಪ್ಪು. ಇದರ ಮುಂದಿನ ತಿಂಗಳ ಪುಸ್ತಕದಾಗೆ ತಿದ್ದುಪಡಿ ಹಾಕವ್ರೆ."

ನಾನು ಅವರ ಮುಖ ನೋಡಿದೆ. ಈ ಸಂಚಿಕೆಯನ್ನೇ ಕಾಣದವರಿಗೆ ಇದರ ಮುಂದಿನದು ಹೇಗೆ ಗೊತ್ತು? ಮಾವ ಕನ್ನಡಕ ತೆಗೆದು ಪಂಚೆಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು:

"ಎರಡೂ ಒಳಗೆ ಟ್ರಂಕಿನಾಗೆ ಅವೆ ಕಣಮ್ಮ. ನೀನಿನ್ನೂ ಲಂಗ ಹಾಕ್ಕಂಡು ಬರ್ತಿದ್ದಾಗ್ಲೇ ಸಿಕ್ಕಿದ್ವು."

"ಮತ್ತೆ ಯಾಕೆ ಇಳಿಸಲಿಲ್ಲ ಮಾವ?"

ಅದಕ್ಕೂ ಅತ್ತೆಯೇ ಹೇಳಿದರು, "ನಾನೂ ಕೇಳ್ದೆ. ಇಳಿಸ್ಬುಟ್ರೆ ನಾಳೆ ಮಕ್ಳು ಯಾಕೆ ಬತ್ತಾರೆ ಅಂದ್ರು."

ನನಗೆ ದುಃಖ ತಡೆಯಲಾಗಲಿಲ್ಲ. ಅವರ ಕಾಲಿನ ಬಳಿ ಕೂತುಬಿಟ್ಟೆ. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು, "ಇವತ್ತು ಇಳಿಸ್ಬುಡಾಣ. ಇನ್ನ್ ಯಾಕ್ ಇಟ್ಕಳಾದು. ಎಲ್ಲಿ, ರನ್ ಅನ್ನಮ್ಮ" ಎಂದರು.

"ರನ್" ಎಂದೆ. ಅತ್ತೆ ಹಳೆಯ ಹೆಂಚು, ಬೀಜದ ಡಬ್ಬಿ ತಂದಿಟ್ಟರು.

ದಾರ ಮೇಲೇರಿತು, ಆಟ ಶುರುವಾಯಿತು. ಲೆಕ್ಕ ಈಗ ನಿಧಾನ. ಒಂದೊಂದು ಸರದಿಗೂ ಅವರು ಕಣ್ಣು ಮುಚ್ಚಿದಾಗ ಮತ್ತೆ ಬಿಡುವ ತನಕ ನನ್ನ ಜೀವಕ್ಕೆ ನೆಮ್ಮದಿ ಇರುತ್ತಿರಲಿಲ್ಲ. ಕೊನೆಗೆ ರಾಕೆಟ್ಟು ಹಳೆಯ ಜಾಗಕ್ಕೆ, ಹೆಂಚಿನ ಮೇಲೆ ಗೇಣೆತ್ತರಕ್ಕೆ ಬಂತು. ಮಾವ ಡಬ್ಬಿಯೊಳಗೆ ನೋಡಿದರು.

"ಸಾಲಲ್ಲ ಕಣಮ್ಮ. ಬೀಳ್ತೈತೆ."

ಅತ್ತೆ ಒಳಗೆ ಹೋದರು. ಮುಷ್ಟಿ ತುಂಬಾ ಹುಣಸೆಬೀಜ ತಂದು ಡಬ್ಬಿಗೆ ಸುರಿದರು. ಒಂದು ಹಿಡಿ ಅಂದರೆ ಒಂದೇ ಹಿಡಿ ಎನ್ನುತ್ತಿದ್ದ ಕಂಪ್ಯೂಟರ್ ಅವರ ಮುಖವನ್ನು ಬಹಳ ಹೊತ್ತು ನೋಡಿತು. ಬೀಜ ಬೇಡವೆನ್ನಲಿಲ್ಲ. ನಾನು ಹಾಳೆಗಳನ್ನು ಮುಂದಕ್ಕೆ ಸರಿಸಿದೆ. ಮಾವ ಅವನ್ನು ಮಡಚಿ ನನಗೇ ವಾಪಸು ಕೊಟ್ಟರು. ದಾರವನ್ನು ಎಳೆದು ಮೊದಲಿನಂತೆ ಮೊಳೆಗೆ ಸುತ್ತಿ ಗಂಟು ಹಾಕಿದರು.

"ಇಷ್ಟ್ ಬೀಜ ಐತಲ್ಲ, ಇವತ್ತೇ ಇಳಿಸೋ ಅವಸರ ಏನೈತೆ? ಆಪರೇಷನ್ ಮುಗಿಸ್ಕಂಡ್ ಬತ್ತೀನಿ. ನೀನೂ ಬಾ, ಮಗಳ್ನೂ ಕರ್ಕಂಡ್ ಬಾ. ಅಲ್ಲಿ ತನ್ಕ ಯಾರೂ ದಾರ ಮುಟ್ಬ್ಯಾಡ್ರಿ."

ಅತ್ತೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಒಳಗೆ ಒಯ್ದು, ದೇವರ ಗೂಡಿನಲ್ಲಿ ಇಟ್ಟರು.